ಬಾಗಿಲು ತೆರೆದರೂ ಹೊರಗೆ ಹೋಗದ ಕೋಳಿ

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮ ದೊಡ್ಡಮ್ಮನ ಮಗ ನೂರು ಬಾಯ್ಲರ್ ಮರಿ ತಂದ. ಒಂದು ದಿನದ ಮರಿಗಳು. ಅವನ ಲೆಕ್ಕ ಸರಳವಾಗಿತ್ತು. ಒಂದು ತಿಂಗಳು ಶೆಡ್ಡಿನಲ್ಲಿ ಸಾಕುವುದು, ಆಮೇಲೆ ತೆಂಗಿನ ತೋಟಕ್ಕೆ ಬಿಡುವುದು. ವರ್ಷತೊಡಕಿನ ದಿನ 'ತೋಟದಲ್ಲಿ ಓಡಾಡಿ ಬೆಳೆದ ಕೋಳಿ' ಅಂತ ಹೇಳಿ ಎರಡು ಪಟ್ಟು ರೇಟಿಗೆ ಮಾರುವುದು. ಯುಗಾದಿಯ ಮಾರನೇ ದಿನ ನಮ್ಮ ಕಡೆ ಕೋಳಿಗೆ ಎಂಥ ಬೇಡಿಕೆ ಅಂತ ನಿಮಗೇ ಗೊತ್ತು.

ಶಿವರಾತ್ರಿ ಹೊತ್ತಿಗೆ ಮರಿಗಳಿಗೆ ಐದು ವಾರ ತುಂಬಿತ್ತು. ಶೆಡ್ಡಿನ ಬಾಗಿಲು ತೆರೆದ. ನಾನೂ ಅಲ್ಲೇ ಇದ್ದೆ, ಮೊಬೈಲಿನಲ್ಲಿ ವಿಡಿಯೊ ಮಾಡೋಣ ಅಂತ. ಒಂದು ಕೋಳಿಯೂ ಹೊರಗೆ ಬರಲಿಲ್ಲ. ಹತ್ತು ನಿಮಿಷ ಕಾದ ಮೇಲೆ ನಾಲ್ಕು ಹೊಸ್ತಿಲ ತನಕ ಬಂದವು. ಅಲ್ಲೇ ಬಿಸಿಲು ಬಿದ್ದ ಜಾಗದಲ್ಲಿ ಕೂತವು. ಅವನು ಎತ್ತಿಕೊಂಡು ಹೋಗಿ ತೋಟದ ನಡುವೆ ಬಿಟ್ಟರೆ ಬಿಟ್ಟಲ್ಲೇ ಕುಕ್ಕರಿಸಿದವು. ದೊಡ್ಡಮ್ಮ ಒಂದು ಹಿಡಿ ರಾಗಿ ಎರಚಿದರು. ಎರಡು ಎದ್ದವು, ಉಳಿದವು ಕತ್ತು ಮಾತ್ರ ಚಾಚಿ ಕೈಗೆಟಕಿದ್ದನ್ನು ತಿಂದವು.

'ಏನ್ ಮಗಾ ಇವು, ಕಾಲಿದ್ರೂ ಕುಂತಲ್ಲೇ ಕುಂತಿರ್ತವೆ' ಅಂದರು ದೊಡ್ಡಮ್ಮ.

ಮಾರ್ಚ್ ಕೊನೆಯ ಬಿಸಿಲಿಗೆ ಹದಿನೆಂಟು ಸತ್ತವು. ಇನ್ನು ಕೆಲವಕ್ಕೆ ಕಾಲು ಹೋಯಿತು. ಉಳಿದವನ್ನು ಅವನು ಮಾಮೂಲಿ ಬಾಯ್ಲರ್ ರೇಟಿಗಿಂತ ಕಡಿಮೆಗೆ ಅಂಗಡಿಯವನಿಗೆ ಕೊಟ್ಟ. 'ಸೋಮಾರಿ ಜಾತಿ ಅಣ್ಣಾ ಇವು' ಅಂತ ಬೈದುಕೊಂಡು ಶೆಡ್ಡಿಗೆ ಬೀಗ ಹಾಕಿದ.

ನನಗೆ ಆ ಮಾತು ತಲೆಯಲ್ಲಿ ಉಳಿಯಿತು. ಕೋಳಿ ಸೋಮಾರಿ ಹೇಗಾದೀತು? ದೊಡ್ಡಮ್ಮನ ಹಿತ್ತಿಲಲ್ಲಿ ನಾನು ಕಂಡ ಕೋಳಿಗಳು ಬೆಳಗಿನಿಂದ ಸಂಜೆ ತನಕ ಒಂದು ಕಡೆ ನಿಂತದ್ದಿಲ್ಲ. ತಾಲೂಕಿನ ಸುದ್ದಿ ಬರೆಯುವ ನಡುವೆ ಸಿಕ್ಕ ಸಮಯದಲ್ಲಿ ಇದರ ಹಿಂದೆ ಬಿದ್ದೆ. ಓದುತ್ತಾ ಹೋದಂತೆ ಗೊತ್ತಾಯಿತು: ಈ ಕೋಳಿ ಒಳಗೆ ಹೋಗಿ ಕೂತದ್ದಕ್ಕೆ ನೂರು ವರ್ಷದ ಕತೆಯಿದೆ. ಅದನ್ನು ಮತ್ತೆ ಹೊರಗೆ ಕರೆತಂದವರ ಕತೆಯೂ ಇದೆ.

ಮೊದಲು ಕಾಡಿಗೆ ಹೋಗೋಣ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆಗ್ನೇಯ ಏಷ್ಯಾದ ಬಿದಿರು ಮೆಳೆ, ಪೊದೆಗಳ ಹಕ್ಕಿ ಅದು. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿರುವ, ಸುಮಾರು ಮೂರೂವರೆ ಸಾವಿರ ವರ್ಷ ಹಳೆಯ ಮೂಳೆಗಳನ್ನು ಸಾಕುಕೋಳಿಯ ಮೊದಲ ಗುರುತು ಎಂದು 2022ರಲ್ಲಿ ಸಂಶೋಧಕರು ಹೇಳಿದರು. ಜನ ಭತ್ತ, ಕಿರುಧಾನ್ಯ ಬೆಳೆಯಲು ಶುರುಮಾಡಿದಾಗ ಕಾಳಿನ ಆಸೆಗೆ ಕಾಡುಕೋಳಿ ಊರಿನ ಹತ್ತಿರ ಬಂತು ಅನ್ನುವುದು ಅವರ ವಾದ. ನಮ್ಮ ಕಣದ ಸುತ್ತ ಸುಳಿದಾಡುವ ಕೋಳಿ ನೋಡಿದವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ಇದರಲ್ಲಿ ನಮ್ಮ ಪಾಲೂ ಒಂದಿಷ್ಟಿದೆ. ನಮ್ಮ ಪಶ್ಚಿಮಘಟ್ಟದಲ್ಲಿರುವುದು ಬೂದು ಕಾಡುಕೋಳಿ, ಬೇರೆಯೇ ಜಾತಿ. ಸಾಕುಕೋಳಿಯ ಚರ್ಮ, ಕಾಲು ಹಳದಿಯಾಗಿರುತ್ತವಲ್ಲ, ಆ ಗುಣ ಬಂದದ್ದು ಈ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಂಶವಾಹಿ ಪರೀಕ್ಷೆಯಿಂದ ತಿಳಿಯಿತು. ಅಮೆರಿಕದ ಅಂಗಡಿಯಲ್ಲಿರುವ ಹಳದಿ ಚರ್ಮದ ಕೋಳಿಯಲ್ಲೂ ಒಂದು ಚೂರು ದಕ್ಷಿಣ ಭಾರತದ ಕಾಡು ಸೇರಿಕೊಂಡಿದೆ.

ಕಾಡಿನ ಈ ಮೂಲವನ್ನು ಯಾಕೆ ಹೇಳಿದೆ ಅಂದರೆ, ಕೋಳಿಯ ನಡವಳಿಕೆಯೆಲ್ಲ ಅಲ್ಲಿಂದ ಬಂದದ್ದು. ಅದು ಬಯಲಿನ ಹಕ್ಕಿಯಲ್ಲ, ಪೊದೆಯ ಹಕ್ಕಿ. ತಲೆ ಮೇಲೆ ಕೊಂಬೆ ಇದ್ದರೆ ಧೈರ್ಯ, ಬರೀ ಆಕಾಶ ಇದ್ದರೆ ಭಯ. ಹದ್ದಿನ ನೆರಳು ಸರಿದರೆ ಸಾಕು, ತಾಯಿಕೋಳಿ ಕೂಗುತ್ತದೆ, ಮರಿಗಳು ಬೇಲಿ ಸಂದಿ ಸೇರುತ್ತವೆ. ಕೆದಕುವುದು, ಮಣ್ಣಿನಲ್ಲಿ ಹೊರಳುವುದು, ಸಂಜೆಯಾದರೆ ಎತ್ತರ ಹತ್ತಿ ಕೂರುವುದು, ಎಲ್ಲವೂ ಅದರ ರಕ್ತದಲ್ಲಿದೆ. ನನ್ನ ತಮ್ಮ ಮರಿಗಳನ್ನು ಎತ್ತಿ ಬಿಟ್ಟದ್ದು ತೋಟದ ನಡುವೆ ಹೌದು, ಆದರೆ ಆ ವರ್ಷ ಬುಡ ಬಿಡಿಸಿ, ಕಳೆ ತೆಗೆಸಿ ಚೊಕ್ಕಟ ಮಾಡಿಸಿದ್ದ ಬೋಳು ನೆಲಕ್ಕೆ. ಮರಗಳ ನಡುವೆ ಮೂವತ್ತು ಅಡಿ ಅಂತರ.

ನಮ್ಮ ಹಿತ್ತಿಲ ಕೋಳಿಗೆ ಓಡಾಡಲು ಯಾರೂ ಕಲಿಸಬೇಕಿರಲಿಲ್ಲ, ಓಡಾಡದಿದ್ದರೆ ಹೊಟ್ಟೆ ತುಂಬುತ್ತಿರಲಿಲ್ಲ. ಬೆಳಿಗ್ಗೆ ಮಂಕರಿ ಎತ್ತಿದರೆ ಮೊದಲು ತಿಪ್ಪೆಗೆ, ಅಲ್ಲಿಂದ ದನದ ಕೊಟ್ಟಿಗೆಗೆ, ಆಮೇಲೆ ಬೇಲಿ ಸಾಲಿಗೆ. ಮರಿಗಳಿಗೆ ಮಾತ್ರ ದೊಡ್ಡಮ್ಮ ಒಂದು ವಿಶೇಷ ಮಾಡುತ್ತಿದ್ದರು. ಒಡಕು ಮಡಕೆಯೊಳಗೆ ಸಗಣಿ, ಹಳೇ ಗೋಣಿಚೀಲದ ತುಂಡು ತುಂಬಿ, ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕುತ್ತಿದ್ದರು. ಒಂದೆರಡು ದಿನದಲ್ಲಿ ಮಡಕೆ ತುಂಬ ಗೆದ್ದಲು. ಕೊಡವಿದರೆ ಮರಿಗಳು ಮುಗಿಬೀಳುತ್ತಿದ್ದವು. ಆ ಕಾಲಕ್ಕೆ ಅದೇ ಪ್ರೋಟೀನ್ ಫೀಡು.

ಇದನ್ನು ಹೊಗಳಿ ಬರೆದುಬಿಡುವುದು ಸುಲಭ. ಆದರೆ ಆ ಕೋಳಿ ಒಂದೂವರೆ ಕೆಜಿ ತೂಗಲು ಐದಾರು ತಿಂಗಳು ಬೇಕಿತ್ತು. ಹತ್ತು ಮರಿಯಲ್ಲಿ ಮೂರೋ ನಾಲ್ಕೋ ಉಳಿಯುತ್ತಿದ್ದವು. ಹದ್ದು, ಕಾಗೆ, ಮುಂಗುಸಿ, ಬೀದಿನಾಯಿ ಒಂದು ಕಡೆ. ಬೇಸಿಗೆ ಬಂದರೆ ಕೊಕ್ಕರೆ ರೋಗ ಇನ್ನೊಂದು ಕಡೆ. ವಾರದಲ್ಲಿ ಊರಿನ ಕೋಳಿಯೆಲ್ಲ ಖಾಲಿ. ಈ ರೋಗಕ್ಕೆ ನಮ್ಮ ಪಶುವೈದ್ಯರು ರಾಣಿಖೇತ್ ಅನ್ನುತ್ತಾರೆ. 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತ್ ಊರಿನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಅಲ್ಲಿಗೆ ಹತ್ತಿರದ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಅದಕ್ಕೆ ಲಸಿಕೆಯೂ ತಯಾರಾಯಿತು. ಈಗ ರೆಕ್ಕೆಗೆ ಚುಚ್ಚುವ ಆರ್‌ಟೂಬಿ ಲಸಿಕೆ ಅದರ ಸಂತತಿಯೇ. ಲಸಿಕೆ ಬಂದು ಇಷ್ಟು ವರ್ಷವಾದರೂ ಎಷ್ಟು ಹಿತ್ತಿಲ ಕೋಳಿಗೆ ಅದು ಸಿಗುತ್ತಿದೆ ಅನ್ನುವುದನ್ನು ನೀವೇ ನಿಮ್ಮ ಓಣಿಯಲ್ಲಿ ಎಣಿಸಿ ನೋಡಿ.

ಹಾಗಾಗಿ ಕೋಳಿಯನ್ನು ಒಳಗೆ ಕೂಡಿ ಸಾಕಬೇಕು ಅನ್ನಿಸಿದ್ದು ಬರೀ ದುರಾಸೆಯಿಂದಲ್ಲ. ಆದರೆ ಕೂಡಿ ಸಾಕಲು ಒಂದು ತೊಡಕಿತ್ತು. ಬಿಸಿಲು ಕಾಣದ ಮರಿಗಳ ಕಾಲು ಸೊಟ್ಟಗಾಗಿ ನಿಲ್ಲಲಾಗದೆ ಸಾಯುತ್ತಿದ್ದವು. ಅಮೆರಿಕ, ಯುರೋಪಿನ ಚಳಿಗಾಲದಲ್ಲಿ ಇದು ದೊಡ್ಡ ಸಮಸ್ಯೆ. ಅಲ್ಲಿ ಕೋಳಿ ಸಾಕಣೆ ಅಂದರೆ ವಸಂತದಲ್ಲಿ ಮರಿ, ಬೇಸಿಗೆಯಲ್ಲಿ ಅಂಗಳ. 1920ರ ದಶಕದ ಶುರುವಿನಲ್ಲಿ ಅಮೆರಿಕದ ವಿಜ್ಞಾನಿಗಳು ಕಾರಣ ಕಂಡುಹಿಡಿದರು. ಬಿಸಿಲಿನಿಂದ ಮೈಯಲ್ಲಿ ಆಗುವ ಡಿ ವಿಟಮಿನ್ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ಮೇವಿಗೆ ಸ್ವಲ್ಪ ಕಾಡ್ ಲಿವರ್ ಮೀನೆಣ್ಣೆ ಬೆರೆಸಿದರೆ ಬಿಸಿಲಿಲ್ಲದೆಯೂ ಮರಿ ಬದುಕುತ್ತದೆ. ಅಂದರೆ ಸೂರ್ಯನನ್ನು ಮೂಟೆಗೆ ತುಂಬಲು ಸಾಧ್ಯವಾಯಿತು. ಕೋಳಿ ಅಂಗಳಕ್ಕೆ ಬರಲೇಬೇಕಾದ ಮೊದಲ ಕಾರಣ ಅಲ್ಲಿಗೆ ಹೋಯಿತು.

ಅದೇ ಸಮಯಕ್ಕೆ ಇನ್ನೊಂದು ಘಟನೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಡೆಲವೇರ್ ಅನ್ನುವ ಪುಟ್ಟ ರಾಜ್ಯ. ಅಲ್ಲಿನ ಓಷನ್ ವ್ಯೂ ಎಂಬ ಊರಿನಲ್ಲಿ ಸೆಸಿಲ್ ಸ್ಟೀಲ್ ಅನ್ನುವ ಹೆಂಗಸು ಮೊಟ್ಟೆಗಾಗಿ ಕೋಳಿ ಸಾಕಿಕೊಂಡಿದ್ದರು. 1923ರಲ್ಲಿ ಐವತ್ತು ಮರಿಗೆ ಹೇಳಿ ಕಳಿಸಿದರೆ ಬಂದದ್ದು ಐನೂರು, ಮರಿ ಕೇಂದ್ರದವರ ತಪ್ಪಿನಿಂದ. ವಾಪಸ್ ಕಳಿಸದೆ ಒಂದು ಕೊಠಡಿಯಲ್ಲಿ ಸಾಕಿದರು. ಹದಿನೆಂಟು ವಾರದ ನಂತರ ಉಳಿದಿದ್ದ 387 ಕೋಳಿಗಳನ್ನು ಮಾಂಸಕ್ಕೆ ಮಾರಿದರು. ಒಂದೊಂದೂ ಹೆಚ್ಚುಕಡಿಮೆ ಎರಡು ಪೌಂಡು, ನಮ್ಮ ಲೆಕ್ಕದಲ್ಲಿ ಒಂದು ಕೆಜಿಗಿಂತ ಸ್ವಲ್ಪ ಕಡಿಮೆ. ಪೌಂಡಿಗೆ 62 ಸೆಂಟಿನಂತೆ ಒಳ್ಳೆಯ ದುಡ್ಡು ಬಂತು. ಮುಂದಿನ ವರ್ಷ ಸಾವಿರ ಮರಿ, 1926ರ ಹೊತ್ತಿಗೆ ಹತ್ತು ಸಾವಿರ ಕೋಳಿ ಹಿಡಿಯುವ ಶೆಡ್ಡು. ಅಲ್ಲಿಯ ತನಕ ಅಮೆರಿಕದಲ್ಲೂ ಕೋಳಿಮಾಂಸ ಅಂದರೆ ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆ, ಬೇಡದ ಹುಂಜ. ಮಾಂಸಕ್ಕೆಂದೇ ಕೋಳಿ ಸಾಕುವ ಉದ್ಯಮ ಈ ಹೆಂಗಸಿನಿಂದ ಬೆಳೆಯಿತು ಅನ್ನುತ್ತಾರೆ. ಅವರ ಆ ಮೊದಲ ಕೋಳಿಮನೆಯನ್ನು ಅಮೆರಿಕ ಐತಿಹಾಸಿಕ ಸ್ಥಳವಾಗಿ ಕಾಪಾಡಿಕೊಂಡಿದೆ. ಹಿತ್ತಿಲ ಕೋಳಿಯಂತೆ ಶೆಡ್ಡಿನ ಕೋಳಿಯೂ ಶುರುವಾದದ್ದು ಹೆಂಗಸಿನ ಕೈಯಿಂದಲೇ. ಆದರೆ ಹತ್ತು ಸಾವಿರಕ್ಕೆ ಬಂದ ಮೇಲೆ ಅದು ಹೆಂಗಸರ ಕೈಯಲ್ಲಿ ಎಷ್ಟು ದಿನ ಉಳಿದೀತು!

ಕೋಳಿ ಒಳಗೆ ಬಂತು. ಆದರೆ ಅದಿನ್ನೂ ಹಳೇ ಕೋಳಿಯೇ, ಬಾಗಿಲು ತೆರೆದರೆ ಓಡುವ ಕೋಳಿ. ಅದರ ದೇಹವೇ ಬದಲಾದದ್ದು ಎರಡನೇ ಮಹಾಯುದ್ಧದ ನಂತರ. ಯುದ್ಧದ ಕಾಲದಲ್ಲಿ ದನ, ಹಂದಿ ಮಾಂಸಕ್ಕೆ ರೇಷನ್ ಇತ್ತು, ಜನ ಕೋಳಿಗೆ ತಿರುಗಿದ್ದರು. ಯುದ್ಧ ಮುಗಿದ ಮೇಲೂ ಅವರು ಕೋಳಿ ತಿನ್ನಬೇಕಾದರೆ ಎದೆ ತುಂಬ ಮಾಂಸವಿರುವ ಕೋಳಿ ಬೇಕು ಎಂದು ಎ ಅಂಡ್ ಪಿ ಎಂಬ ದೊಡ್ಡ ಅಂಗಡಿ ಸರಪಳಿ ಲೆಕ್ಕ ಹಾಕಿತು. ಸರ್ಕಾರದ ಕೃಷಿ ಇಲಾಖೆಯ ಜೊತೆ ಸೇರಿ ದೇಶಕ್ಕೆಲ್ಲ ಒಂದು ಸ್ಪರ್ಧೆ ಇಟ್ಟಿತು. ಹೆಸರು 'ನಾಳೆಯ ಕೋಳಿ'. ಕೋಳಿ ಹೇಗಿರಬೇಕು ಅಂತ ತೋರಿಸಲು ಮೇಣದ ಮಾದರಿಯನ್ನೇ ಮಾಡಿಸಿದ್ದರು. ಅಗಲ ಎದೆ, ದಪ್ಪ ತೊಡೆ.

1946ರಿಂದ ರಾಜ್ಯಮಟ್ಟದ ಸುತ್ತುಗಳು ನಡೆದು, 1948ರಲ್ಲಿ ಡೆಲವೇರ್ ರಾಜ್ಯದಲ್ಲೇ ಕೊನೆಯ ಸುತ್ತು ಆಯಿತು. ಸ್ಪರ್ಧಿಗಳು ಕಳಿಸಿದ ಮೊಟ್ಟೆಗಳನ್ನು ಒಂದೇ ಕಡೆ ಮರಿ ಮಾಡಿಸಿ, ಒಂದೇ ಮೇವು ಹಾಕಿ, ಹನ್ನೆರಡು ವಾರ ಬೆಳೆಸಿ, ಕೊಯ್ದು ತೂಗಿದರು. ಗೆದ್ದದ್ದು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್ ಅವರ ಕೆಂಪು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ಮಿಶ್ರತಳಿ. 1951ರಲ್ಲೂ ಅವರೇ ಗೆದ್ದರು. ಶುದ್ಧ ತಳಿಗಳಲ್ಲಿ ಮುಂದೆ ಬಂದದ್ದು ಆರ್ಬರ್ ಏಕರ್ಸ್ ಅವರ ಬಿಳಿ ರಾಕ್. ಈ ಎರಡು ಬಗೆಯ ರಕ್ತ ಸೇರಿ ಮುಂದಿನ ಬಿಳಿ ಬಾಯ್ಲರ್‌ಗಳು ಬಂದವು. ಕಾರ್ನಿಷ್ ಕೋಳಿಯ ಮೂಲದಲ್ಲಿ ನಮ್ಮ ಅಸೀಲ್ ಕೋಳಿಯ ರಕ್ತವೂ ಇದೆ, ಕಾಳಗದ ಹುಂಜದ್ದು! ಆ ಅಗಲ ಎದೆ ಅಲ್ಲಿಂದ ಹೋದದ್ದು. ಕಾಳಗದ ಗಟ್ಟಿ ಕಾಲು ಮಾತ್ರ ದಾರಿಯಲ್ಲೇ ಉಳಿಯಿತು.

ಆಮೇಲಿನ ಬದಲಾವಣೆ ಎಷ್ಟು ಅನ್ನುವುದಕ್ಕೆ ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಒಂದು ಚಂದದ ಪ್ರಯೋಗ ಮಾಡಿದ್ದಾರೆ. 1957ರ ತಳಿ, 1978ರ ತಳಿ ಎರಡನ್ನೂ ಅವರು ಹಾಗೇ ಕಾಪಾಡಿಕೊಂಡು ಬಂದಿದ್ದರು. ಅವುಗಳ ಜೊತೆ 2005ರ ಬಾಯ್ಲರ್ ತಳಿಯನ್ನು ಇಟ್ಟು, ಮೂರಕ್ಕೂ ಒಂದೇ ಮೇವು ಹಾಕಿ ಸಾಕಿದರು. 56 ದಿನಕ್ಕೆ 1957ರ ಕೋಳಿ 905 ಗ್ರಾಂ, 1978ರದು 1,808 ಗ್ರಾಂ, 2005ರದು 4,202 ಗ್ರಾಂ. ಮೇವು ಒಂದೇ ಅನ್ನುವುದನ್ನು ಗಮನಿಸಿ. 'ಬಾಯ್ಲರ್‌ಗೆ ಇಂಜೆಕ್ಷನ್ ಕೊಟ್ಟು ಊದಿಸುತ್ತಾರೆ' ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ. ಇಂಜೆಕ್ಷನ್ ಬೇಕಿಲ್ಲ, ಹುಟ್ಟೇ ಹಾಗೆ.

ಈಗ ಅದರ ಕಾಲಿನ ಕಡೆಯಿಂದ ಯೋಚಿಸಿ. ಎಂಟು ವಾರದ ಮರಿ, ಮೂಳೆ ಇನ್ನೂ ಎಳೆಯದು. ಮೇಲೆ ನಾಲ್ಕು ಕೆಜಿ ಭಾರ, ಅದೂ ಹೆಚ್ಚಿನಂಶ ಎದೆಯಲ್ಲಿ, ಮುಂದಕ್ಕೆ. ಇಂಥ ಕೋಳಿಗಳು ಮಾರಾಟದ ವಯಸ್ಸಿಗೆ ಬರುವಾಗ ಮುಕ್ಕಾಲು ಪಾಲಿಗೂ ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ ಎಂದು ಕೂತು ಎಣಿಸಿದವರು ಬರೆದಿದ್ದಾರೆ. ಅದಕ್ಕೆ ಎರಡು ಹೆಜ್ಜೆ ದೂರದಲ್ಲಿ ಫೀಡು, ಇನ್ನೆರಡು ಹೆಜ್ಜೆಗೆ ನೀರು. ಅದು ಯಾಕೆ ಎದ್ದು ಹೋಗಬೇಕು? ನನ್ನ ತಮ್ಮ ಸೋಮಾರಿ ಅಂತ ಬೈದದ್ದು ಇದನ್ನು. ನಡೆಯದೆ ಇರುವುದಕ್ಕೇ ಅರವತ್ತು ವರ್ಷ ತಯಾರು ಮಾಡಿದ ಹಕ್ಕಿ ಅದು.

ನಮ್ಮ ದೇಶಕ್ಕೆ ಈ ಬಿಳಿ ಕೋಳಿ ದೊಡ್ಡದಾಗಿ ಬಂದದ್ದು 1970ರ ದಶಕದಿಂದ. 1990ರ ದಶಕದಲ್ಲಿ ತಮಿಳುನಾಡಿನ ಕೊಯಮತ್ತೂರು ಕಡೆ ಗುತ್ತಿಗೆ ಸಾಕಣೆ ಬೆಳೆದು ಆಮೇಲೆ ನಮ್ಮ ಜಿಲ್ಲೆಗಳಿಗೂ ಬಂತು. ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ನೀರು, ಕರೆಂಟು, ಕೂಲಿ ರೈತನದು. ಸುಮಾರು ನಲವತ್ತು ದಿನಕ್ಕೆ ಲಾರಿ ಬಂದು ತೂಕ ಹಾಕಿಕೊಂಡು ಹೋಗುತ್ತದೆ, ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ. ಈ ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಒಂದೇ ಮಾತು: ಈ ಪದ್ಧತಿಯಿಂದ ಕೂಲಿ ಮಾಡುವವರ ಮನೆಯಲ್ಲೂ ಭಾನುವಾರ ಕೋಳಿ ಬೇಯುವಂತಾಯಿತು. ಅದನ್ನು ಮರೆತು ಬರೀ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಎಲ್ಲ ಕಡೆಯೂ ಹೀಗೇ ಆಗಲಿಲ್ಲ, ಮತ್ತು ನನ್ನ ತಮ್ಮನಿಗೆ ಬೇಕಿದ್ದ ಕತೆ ಇಲ್ಲಿಂದ ಮುಂದೆ ಇದೆ.

ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ ಲಾಂದ್ ಎಂಬ ಪ್ರದೇಶವಿದೆ. ಒಂದು ಕಾಲಕ್ಕೆ ಜೌಗು, ಮರಳು ಭೂಮಿ. 1857ರಲ್ಲಿ ಕಾನೂನು ಮಾಡಿ ಅಲ್ಲಿ ನೀರು ಬಸಿದು ಪೈನ್ ಮರ ಬೆಳೆಸಿದರು. ಇವತ್ತು ಅದು ಕಣ್ಣು ಹಾಯಿಸಿದಷ್ಟೂ ಪೈನ್ ಕಾಡು. ಅಲ್ಲಿನ ಸಣ್ಣ ರೈತರು ಮೊದಲಿನಿಂದಲೂ ಮೆಕ್ಕೆಜೋಳ ತಿನ್ನಿಸಿ, ಮರದ ಕೆಳಗೆ ಬಿಟ್ಟು ಹಳದಿ ಚರ್ಮದ ಕೋಳಿ ಸಾಕುತ್ತಿದ್ದರು. ಶೆಡ್ಡಿನ ಕೋಳಿ ಅಗ್ಗಕ್ಕೆ ಬರತೊಡಗಿದಾಗ ಅವರಿಗೆ ಎರಡೇ ದಾರಿ ಇತ್ತು. ಒಂದೋ ತಾವೂ ಶೆಡ್ಡು ಕಟ್ಟುವುದು, ಇಲ್ಲವೋ ತಮ್ಮ ಕೋಳಿ ಬೇರೆ ಎಂದು ಗಿರಾಕಿಗೆ ಖಾತ್ರಿ ಕೊಡುವುದು. ಅವರು ಎರಡನೆಯದನ್ನು ಹಿಡಿದರು. 1960ರ ಕೃಷಿ ಕಾನೂನಿನಲ್ಲಿ ಅದಕ್ಕೆ ಜಾಗ ಸಿಕ್ಕಿತು. 1965ರಲ್ಲಿ ಮೊದಲ 'ಲೇಬಲ್ ರೂಜ್', ಅಂದರೆ ಕೆಂಪು ಚೀಟಿ, ಲಾಂದ್ ಕೋಳಿಗೆ ಸಿಕ್ಕಿತು.

ಆ ಚೀಟಿಯ ಹಿಂದಿನ ನಿಯಮಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತಳಿ ನಿಧಾನ ಬೆಳೆಯುವುದೇ ಆಗಿರಬೇಕು. 81 ದಿನಕ್ಕೆ ಮೊದಲು ಕೊಯ್ಯುವಂತಿಲ್ಲ. ಒಂದು ಶೆಡ್ಡು 400 ಚದರ ಮೀಟರಿಗಿಂತ ದೊಡ್ಡದಿರಬಾರದು, ಒಳಗೆ ಚದರ ಮೀಟರಿಗೆ 11 ಕೋಳಿಗಿಂತ ಹೆಚ್ಚು ಇರಬಾರದು. ಆರು ವಾರ ತುಂಬುವುದರೊಳಗೆ ಹೊರಗೆ ಬಿಡಲೇಬೇಕು, ಹೊರಗೆ ಒಂದು ಕೋಳಿಗೆ ಕನಿಷ್ಠ 2 ಚದರ ಮೀಟರ್ ಜಾಗ. 'ಪೂರ್ತಿ ಸ್ವತಂತ್ರ' ಎಂದು ಚೀಟಿ ಬೇಕಾದರೆ ಬೇಲಿಯೂ ಇರಬಾರದು. ಲಾಂದ್ ರೈತರು ಪೈನ್ ಮರಗಳ ನಡುವೆ ಪುಟ್ಟ ಮರದ ಗೂಡುಮನೆ ಇಟ್ಟು, ಒಂದು ತಂಡ ಮುಗಿದ ಮೇಲೆ ಅದನ್ನು ಬೇರೆ ಜಾಗಕ್ಕೆ ಸರಿಸುತ್ತಾರೆ. ನೆಲಕ್ಕೆ ವಿಶ್ರಾಂತಿ, ಹಳೇ ಹಿಕ್ಕೆಯಿಂದ ಬರುವ ರೋಗವೂ ಕಡಿಮೆ. ಅವರ ತಳಿಯಲ್ಲಿ ಬಹಳಷ್ಟು ಬೋಳುಕತ್ತಿನವು. ಕತ್ತಿನಲ್ಲಿ ಪುಕ್ಕ ಇಲ್ಲದ ಕೋಳಿಗೆ ಮೈಮೇಲೂ ಪುಕ್ಕ ಕಡಿಮೆ, ಸೆಕೆ ತಡೆಯುತ್ತದೆ. ಬೋಳುಕತ್ತಿನ ಕೋಳಿ ನಮ್ಮ ದಕ್ಷಿಣ ಭಾರತಕ್ಕೂ ಹೊಸದಲ್ಲ. ನೋಡಲು ಚಂದವಿಲ್ಲ ಅಂತ ನಾವು ದೂರ ಮಾಡಿದ್ದೇವೆ.

ಇಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮರ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮರಿಯನ್ ಡಾಕಿನ್ಸ್ ಎಂಬ ವಿಜ್ಞಾನಿ ಮತ್ತು ಅವರ ತಂಡ, ಹೊರಗೆ ಬಿಟ್ಟು ಸಾಕುವ ಬಾಯ್ಲರ್ ಫಾರಂಗಳಿಗೆ ಹೋಗಿ ಎಣಿಸಿ 2003ರಲ್ಲಿ ಬರೆದರು. ಬಾಗಿಲು ತೆರೆದಿದ್ದರೂ ಹಗಲಿನಲ್ಲಿ ಒಂದು ಹೊತ್ತಿಗೆ ಹೊರಗೆ ಕಂಡದ್ದು ಶೇಕಡಾ 15ಕ್ಕಿಂತ ಕಡಿಮೆ ಕೋಳಿ. ಮರ ಹೆಚ್ಚಿದ್ದ ಕಡೆ ಹೆಚ್ಚು ಕೋಳಿ ಹೊರಗೆ ಬಂದಿದ್ದವು. ಬರೀ ಹುಲ್ಲಿನ ಬಯಲು ಅವಕ್ಕೆ ಬೇಕಿರಲಿಲ್ಲ. ನೂರಾರು ತಲೆಮಾರು ಕಳೆದರೂ, ದೇಹವೆಲ್ಲ ಬದಲಾದರೂ, ಬಿದಿರು ಮೆಳೆಯ ನೆನಪು ಹೋಗಿಲ್ಲ. ಇದನ್ನು ಓದಿದಾಗ ನಮ್ಮ ತೋಟದ ಆ ಚೊಕ್ಕಟ ಬೋಳು ನೆಲ ನನ್ನ ಕಣ್ಣಮುಂದೆ ಬಂತು.

ಇನ್ನೊಂದು ಪ್ರಯತ್ನ ನಮ್ಮ ಮನೆಬಾಗಿಲಲ್ಲೇ ನಡೆದಿದೆ. ಬೆಂಗಳೂರಿನ ಹೆಬ್ಬಾಳ. ಅಲ್ಲಿನ ಪಶುವೈದ್ಯಕೀಯ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಭಾಗವಾಗಿತ್ತು. ಅಲ್ಲಿನ ಕೋಳಿ ವಿಜ್ಞಾನಿಗಳು 1980ರ ದಶಕದ ಕೊನೆಯ ಹೊತ್ತಿಗೆ ಗಿರಿರಾಜ ಕೋಳಿಯನ್ನು ಹೊರತಂದರು. ನಿಮ್ಮಲ್ಲಿ ಬಹಳ ಜನಕ್ಕೆ ಈ ಹೆಸರು ಗೊತ್ತು, ಕೆಲವರು ಸಾಕಿಯೂ ಇದ್ದೀರಿ. ಬಾಯ್ಲರ್‌ನಷ್ಟು ಬೇಗ ಬೆಳೆಯಬಾರದು, ನಾಟಿಯಷ್ಟು ನಿಧಾನವೂ ಆಗಬಾರದು. ಹಿತ್ತಿಲಲ್ಲಿ ಹುಳು, ಸೊಪ್ಪು, ಎಂಜಲು ತಿಂದು ಬದುಕಬೇಕು. ಬಣ್ಣ ನಾಟಿ ಕೋಳಿಯದೇ ಇರಬೇಕು. ಬಣ್ಣದ ಮಾತು ಬರೀ ಚಂದಕ್ಕಲ್ಲ. ಬಿಳಿ ಕೋಳಿ ಹದ್ದಿಗೆ ದೂರದಿಂದಲೇ ಕಾಣುತ್ತದೆ, ಕಂದು ಚುಕ್ಕೆಯದು ತರಗೆಲೆಯಲ್ಲಿ ಕಾಣುವುದಿಲ್ಲ. ಗಿರಾಕಿಯೂ ಬಣ್ಣ ನೋಡಿಯೇ ನಾಟಿ ರೇಟು ಕೊಡುತ್ತಾನೆ.

ಗಿರಿರಾಜ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಇಡುತ್ತದೆ, ಮಾಂಸಕ್ಕೂ ಆಗುತ್ತದೆ. ನಂತರ ಅದೇ ಕೇಂದ್ರದಿಂದ ಸ್ವರ್ಣಧಾರಾ ಬಂತು. ಹೈದರಾಬಾದಿನ ಕೇಂದ್ರದಿಂದ ವನರಾಜ, ಗ್ರಾಮಪ್ರಿಯ ಬಂದವು. ಹರಿಯಾಣದ ಕೆಗ್ ಫಾರ್ಮ್ಸ್‌ನವರು ಕುರಾಯ್ಲರ್ ತಂದರು, ಅದು ಆಫ್ರಿಕಾದ ಉಗಾಂಡಾಕ್ಕೂ ಹೋಗಿದೆ.

ಗಿರಿರಾಜಕ್ಕೆ ಒಂದು ಕೊರತೆ ಇತ್ತು, ಅದನ್ನು ದೊಡ್ಡಮ್ಮನೇ ನನಗೆ ಹೇಳಿದ್ದು. ಅದು ಕಾವಿಗೆ ಕೂರುವುದಿಲ್ಲ. ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸಿದರೂ ಆ ಮರಿ ತಾಯಿಯಂತೆ ಬೆಳೆಯುವುದಿಲ್ಲ, ಯಾಕೆಂದರೆ ಅದು ಮಿಶ್ರತಳಿ. ಪ್ರತಿ ಸಲ ಹೊಸ ಮರಿಗೆ ಪಟ್ಟಣದ ಕಡೆ ನೋಡಬೇಕು. 'ನಾಟಿ ಕೋಳಿ ಒಂದು ಸಲ ತಂದ್ರೆ ತಲೆಮಾರಿಗಾಯ್ತದೆ, ಇದು ಬಸ್ ಟಿಕೆಟ್ ಇದ್ದಂಗೆ, ದಿನಾ ತಗೋಬೇಕು' ಅಂತ ಅವರು 90ರ ದಶಕದಲ್ಲೇ ಅದನ್ನು ಬಿಟ್ಟರಂತೆ. ಮರಿ ಬೇಕಾದಾಗ ಸಿಗದೆ, ಸಿಕ್ಕಾಗ ಕೈಯಲ್ಲಿ ದುಡ್ಡಿಲ್ಲದೆ ಬಿಟ್ಟವರು ಇನ್ನೂ ಎಷ್ಟೋ ಜನ. ತಳಿ ಮಾಡಿದಷ್ಟೇ ಶ್ರದ್ಧೆ ಮರಿ ತಲುಪಿಸುವುದರಲ್ಲೂ ಇದ್ದಿದ್ದರೆ ಕತೆ ಬೇರೆಯಾಗುತ್ತಿತ್ತು ಅನ್ನುವುದು ನನ್ನ ಅನಿಸಿಕೆ.

ಇಷ್ಟನ್ನೂ ನಾನು ತಮ್ಮನಿಗೆ ಒಂದೇ ಸಲ ಹೇಳಲಿಲ್ಲ. ಹೇಳಿದ್ದರೆ ಅವನು ಕೇಳುತ್ತಲೂ ಇರಲಿಲ್ಲ. ಆದರೆ ಧನುರ್ಮಾಸದಲ್ಲಿ ಅವನೇ ಫೋನ್ ಮಾಡಿದ. 'ಅಣ್ಣಾ, ಬಣ್ಣದ ಮರಿ ತಂದಿದೀನಿ, ಅರವತ್ತೇ.' ಈ ಸಲ ಯುಗಾದಿಗೆ ತೊಂಬತ್ತು ದಿನಕ್ಕೂ ಹೆಚ್ಚು ಸಮಯ ಇಟ್ಟುಕೊಂಡಿದ್ದ.

ಮೊದಲ ವಾರದಲ್ಲೇ ಲಸೋಟಾ ಹನಿ ಹಾಕಿಸಿದ, ಎಂಟನೇ ವಾರಕ್ಕೆ ಆರ್‌ಟೂಬಿ. ನಾಲ್ಕು ವಾರಕ್ಕೇ ಬಾಗಿಲು ತೆರೆದ, ಮೊದಲು ಸಂಜೆಯ ಎರಡು ಗಂಟೆ ಮಾತ್ರ. ತೋಟದ ಕಳೆ ತೆಗೆಸಲಿಲ್ಲ. ಬಾಗಿಲಿನಿಂದ ಮೊದಲ ಮರದ ತನಕ, ಅಲ್ಲಿಂದ ಎರಡನೇ ಮರಕ್ಕೆ, ಒಣ ತೆಂಗಿನ ಗರಿಗಳನ್ನು ಕವೆಗೋಲಿನ ಮೇಲೆ ಅಡ್ಡ ಇಟ್ಟು ಚಪ್ಪರದಂತೆ ನೆರಳಿನ ದಾರಿ ಮಾಡಿದ. ಅದು ದೊಡ್ಡಮ್ಮನ ಉಪಾಯ. ಲಾಂದ್ ರೈತರ ಬಗ್ಗೆ ಅವರು ಕೇಳಿಯೇ ಇಲ್ಲ. ನೀರಿನ ತಟ್ಟೆ ಒಂದು ಒಳಗೆ, ಒಂದು ಮೂರನೇ ಮರದ ಬುಡದಲ್ಲಿ. ಬೆಳಗಿನ ಫೀಡು ಒಳಗೇ ಕೊಟ್ಟರೂ ಸಂಜೆಯ ಒಡೆದ ಮೆಕ್ಕೆಜೋಳ, ರಾಗಿ ಮಾತ್ರ ತರಗೆಲೆಯ ಮೇಲೆ ಎರಚುವುದು, ದಿನಾ ಸ್ವಲ್ಪ ದೂರಕ್ಕೆ. ಮಳೆಗಾಲದಲ್ಲಿ ಬಿದ್ದ ಮರದ ದಿಮ್ಮಿಯೊಂದನ್ನು ಹತ್ತಿ ಕೂರಲು ತಂದು ಹಾಕಿದ. ಮೂಲೆಯಲ್ಲಿದ್ದ ಒಡಕು ಮಡಕೆಗಳೂ ಹೊರಗೆ ಬಂದವು.

ಖರ್ಚು ಹೆಚ್ಚೇ ಬಂತು, ಅದನ್ನು ಮುಚ್ಚಿಡುವುದಿಲ್ಲ. ಬಾಯ್ಲರ್ ಆಗಿದ್ದರೆ ಆರು ವಾರದ ಫೀಡು, ಇದಕ್ಕೆ ಹದಿಮೂರು ವಾರದ್ದು. ಎರಡನ್ನು ಮುಂಗುಸಿ ಹಿಡಿಯಿತು, ಮೂರು ಚಳಿಗೆ ಮೊದಲೇ ಹೋಗಿದ್ದವು. ಯುಗಾದಿಯ ಹಿಂದಿನ ದಿನ ನಾನು ಹೋದಾಗ ಐವತ್ತೈದು ಇದ್ದವು. ಹತ್ತಿರ ಹತ್ತಿರ ಎರಡು ಕೆಜಿಯವು, ಹಿಡಿಯಲು ನಮಗೆ ಅರ್ಧ ಗಂಟೆ ಓಡಬೇಕಾಯಿತು. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ನಲವತ್ತೆಂಟು ಖಾಲಿ. ಕೂಲಿ ಲೆಕ್ಕ ಹಾಕದೆ ನೋಡಿದರೆ ಮರಿ, ಫೀಡು, ಲಸಿಕೆ ಕಳೆದು ಕೈಯಲ್ಲಿ ದುಡ್ಡು ಉಳಿದಿತ್ತು. ಕೂಲಿ ಹಾಕಿದರೆ ಎಷ್ಟು ಅಂತ ನಾನು ಕೇಳಿದೆ. 'ಅಮ್ಮನ ಕೂಲಿ ಯಾರ್ ಹಾಕ್ತಾರೆ ಅಣ್ಣಾ' ಅಂದ. ಅವರು ಅಲ್ಲೇ ಮಸಾಲೆ ಅರೆಯುತ್ತಿದ್ದರು, ತಲೆಯೆತ್ತಿ ಅವನನ್ನೊಮ್ಮೆ ನೋಡಿದರು. ಉಳಿದ ಏಳರಲ್ಲಿ ಆರು ಹೇಂಟೆ, ಒಂದು ಹುಂಜ. ಅವನ್ನು ಮಾರಲು ಅವರು ಬಿಟ್ಟಿರಲಿಲ್ಲ. ಕಾವಿಗೆ ಕೂರಲಿಕ್ಕೆ ಎಂದು ಪಕ್ಕದೂರಿನಿಂದ ಎರಡು ನಾಟಿ ಹೇಂಟೆಗೂ ಹೇಳಿ ಕಳಿಸಿದ್ದರು.

'ಆ ಮರಿ ತಾಯಿ ಥರ ಬೆಳೆಯಲ್ಲ ಅಂತ ನೀವೇ ಹೇಳಿದ್ರಲ್ಲ ದೊಡ್ಡಮ್ಮ' ಅಂದೆ.

'ತಾಯಿ ಥರ ಬೆಳೀದಿದ್ರೆ ಬ್ಯಾಡ ಕಣ್ ಮಗಾ, ಹಿತ್ತಿಲಾಗೆ ಓಡಾಡ್ಕಂಡಿರ್ಲಿ' ಅಂದು ಮತ್ತೆ ಅರೆಯತೊಡಗಿದರು.